ಅಂದು ನೆನೆದದ್ದು, ಇಂದು ನೆನೆಯುವುದು: ಹಳೆಯ ಗೆಳೆಯರ ನಡುವೆ ನಗೆಯ ಕತೆ ಹೇಳುವ ಬಗೆ

ಶಾಲೆ ಬಿಟ್ಟಿತ್ತು. ಮಳೆ ಧೋ ಅಂತ ಸುರಿಯುತ್ತಿತ್ತು. ನಾವು ಐದು ಜನ ಒಂದು ಮರದ ಕೆಳಗೆ ನಿಂತಿದ್ದೆವು. ಕೊಡೆ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಅವನು ಆ ವರ್ಷವೇ ಬೇರೆ ಊರಿನಿಂದ ಬಂದು ಸೇರಿದ್ದ. ಹೊಸ ಕೊಡೆ, ನೆನೆದೀತು ಅಂತ ಚೀಲದೊಳಗೆ ಇಟ್ಟುಕೊಂಡಿದ್ದ.

‘ಕೊಡೆ ಕೊಡೋ’ ಅಂದೆವು.

‘ಕೊಡೆ’ ಅಂದ.

‘ಹೂಂ, ಅದೇ. ಕೊಡು.’

‘ಕೊಡೆ ಅಂದ್ನಲ್ಲ!’

‘ಕೊಡೆ ಅಂತ ನಮಗೂ ಗೊತ್ತು ಕಣೋ, ಕೊಡು!’

ಅವನ ಮನೆಮಾತಿನಲ್ಲಿ ‘ಕೊಡೋದಿಲ್ಲ’ ಅನ್ನುವುದಕ್ಕೆ ‘ಕೊಡೆ’ ಅನ್ನುತ್ತಿದ್ದರು. ನಮಗೆ ಕೊಡೆ ಅಂದರೆ ಛತ್ರಿ, ಅಷ್ಟೇ. ಕಾಲು ಗಂಟೆ ಜಗಳ ಆಡಿದೆವು. ಜಗಳದ ಭರದಲ್ಲಿ ಮರದ ಕೆಳಗಿನಿಂದ ಯಾವಾಗ ಆಚೆ ಬಂದೆವೋ ಗೊತ್ತಾಗಲಿಲ್ಲ. ಮಾತು ಮುಗಿಯುವಷ್ಟರಲ್ಲಿ ಮಳೆಯೂ ನಿಂತಿತ್ತು. ಐದೂ ಜನ ಪೂರ್ತಿ ತೊಯ್ದು ಹೋಗಿದ್ದೆವು. ನೆನೆಯದೆ ಉಳಿದದ್ದು ಒಂದೇ ಒಂದು, ಕೊಡೆ.

ಈ ಕತೆಯನ್ನು ನಮ್ಮ ಗುಂಪು 30 ವರ್ಷದಿಂದ ಹೇಳಿಕೊಂಡು ಬಂದಿದೆ. ಐವರಿಗೂ ಪ್ರತಿ ಪದ ಗೊತ್ತು. ಆದರೂ ಪ್ರತಿ ಸಲ ನಗುತ್ತೇವೆ. ಯಾಕೆ ಅಂತ ಯೋಚಿಸುತ್ತಾ ಹೋದಾಗ ನನಗೆ ಹೊಳೆದದ್ದು ಇಷ್ಟು: ಹಳೆಯ ಗೆಳೆಯರ ನಡುವೆ, ಮನೆಯವರ ನಡುವೆ ಯಾರೂ ಕತೆ ಕೇಳಲು ಕೂತಿರುವುದಿಲ್ಲ. ತಮ್ಮ ಪಾಲಿನ ಮಾತು ಬರಲಿ ಅಂತ ಕಾಯುತ್ತಿರುತ್ತಾರೆ. ಆ ಪಾಲನ್ನು ಸರಿಯಾಗಿ ಹಂಚಿದರೆ ನಗು ತಾನಾಗಿ ಬರುತ್ತದೆ. ಹಂಚುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕತೆ ಆರಿಸಿ

ಎಲ್ಲರೂ ಸೇರುವ ದಿನಕ್ಕೆ ಮುಂಚೆ ಫೋನಿನಲ್ಲಿ ಜೋಕು ಹುಡುಕುವವರು ಬಹಳ. ಅದು ಬೇಡ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಜನ ಯಾವಾಗ ನಗುತ್ತಾರೆ ಅಂತ ಅವರು ಮಾತಾಡುವ ಜಾಗದಲ್ಲೇ ಕೂತು ಕೇಳಿ ಬರೆದುಕೊಂಡವರು. ಒಂಟಿಯಾಗಿ ಇದ್ದಾಗಿನದಕ್ಕಿಂತ ಜೊತೆಯಲ್ಲಿ ಇದ್ದಾಗ ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಎಂದು ಅವರು ಕಂಡರು. ಇನ್ನೊಂದು ವಿಷಯ ನನಗೆ ಇನ್ನೂ ಮುಖ್ಯ ಅನ್ನಿಸಿತು. ನಗು ಹುಟ್ಟಿಸಿದ ಮಾತುಗಳಲ್ಲಿ ಜೋಕು ಅನ್ನಬಹುದಾದವು ಶೇಕಡ 20ನ್ನೂ ದಾಟಲಿಲ್ಲ. ಉಳಿದದ್ದೆಲ್ಲ ಸಾದಾ ಮಾತು, ‘ಏ, ನೋಡು ಯಾರು ಬಂದ್ರು’ ಅನ್ನುವಂಥದ್ದು. ಜನರನ್ನು ನಗಿಸುವುದು ಪಕ್ಕದಲ್ಲಿ ಕೂತವರ ಸಲುಗೆ.

ಹಾಗಾಗಿ ನಿಮ್ಮದೇ ಸಣ್ಣ ಘಟನೆ ತೆಗೆದುಕೊಳ್ಳಿ. ತಪ್ಪು ತಿಳಿದದ್ದು, ತಪ್ಪು ಕೇಳಿಸಿಕೊಂಡದ್ದು, ತಪ್ಪು ಬಾಗಿಲು ತಟ್ಟಿದ್ದು, ಇಂಥವು ಚೆನ್ನಾಗಿ ಬಾಳುತ್ತವೆ. ಗೆದ್ದ ಕತೆಗಿಂತ ಎಡವಿದ ಕತೆ ಒಳ್ಳೆಯದು. ಒಬ್ಬನೇ ಎಡವಿದ್ದಕ್ಕಿಂತ ಎಲ್ಲರೂ ಒಟ್ಟಿಗೆ ಎಡವಿದ್ದು ಇನ್ನೂ ಒಳ್ಳೆಯದು. ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಉಳಿದ ಕಾಲದ್ದಕ್ಕಿಂತ ಜಾಸ್ತಿ ಬರುತ್ತವೆ. ಅವರನ್ನು ಮಾತಿಗೆ ಎಳೆಯಬೇಕಾದರೆ ಹೋದ ವರ್ಷದ ಪ್ರವಾಸದ ಬಗ್ಗೆ ಕೇಳಬೇಡಿ. ಶಾಲೆ, ಮೊದಲ ಕೆಲಸ, ಮೊದಲ ಸೈಕಲ್ಲಿನ ಬಗ್ಗೆ ಕೇಳಿ.

ಎಲ್ಲರಿಗೂ ಒಂದು ಸಾಲು

ಈ ಹೆಜ್ಜೆ ಹಿಡಿದರೆ ಉಳಿದದ್ದು ಸುಲಭ. ಕತೆಯನ್ನು ಪೂರ್ತಿ ನೀವೇ ಹೇಳಬೇಡಿ.

ಮನಸ್ಸಿನಲ್ಲೇ ಕತೆಯನ್ನು ನಾಲ್ಕೈದು ತುಂಡು ಮಾಡಿಕೊಳ್ಳಿ. ಯಾವ ತುಂಡು ಯಾರದು ಅಂತ ನೋಡಿ. ನಮ್ಮ ಕೊಡೆ ಕತೆಯಲ್ಲಿ ಮಳೆಯ ವರ್ಣನೆ ಒಬ್ಬನದು. ಅವನು ಹೇಳುವಾಗ ಮಳೆ ವರ್ಷ ವರ್ಷಕ್ಕೂ ಜೋರಾಗುತ್ತದೆ. ‘ಕೊಡೆ’ ಅನ್ನುವ ಮಾತು ಕೊಡೆ ಇದ್ದವನದು. ಅದನ್ನು ಬೇರೆ ಯಾರೂ ಹೇಳಬಾರದು. ಹೇಳಿದರೂ ಆ ದನಿ ಬರುವುದಿಲ್ಲ. ‘ಕೊಡು!’ ಅಂತ ಕೂಗುವುದು ಉಳಿದವರ ಕೆಲಸ.

ಪಾಲು ಕೊಡುವುದು ಹೇಗೆ? ಆ ಜಾಗಕ್ಕೆ ಬಂದಾಗ ನಿಲ್ಲಿಸಿ, ಅವರ ಕಡೆ ತಿರುಗಿ. ‘ಆಗ ನೀನು ಏನಂದೆ?’ ಅಂತ ಕೇಳಿ. ಗೊತ್ತಿದ್ದೂ ಕೇಳಿ. ಅವರು ಶುರು ಮಾಡಿದ ಮೇಲೆ ಮಧ್ಯೆ ಬಾಯಿ ಹಾಕಬೇಡಿ. ‘ಅದು ಮಂಗಳವಾರ ಅಲ್ಲ, ಬುಧವಾರ’ ಅಂತ ತಿದ್ದುವ ಆಸೆ ಬರುತ್ತದೆ. ತಡೆದುಕೊಳ್ಳಿ. ತಿದ್ದಲೇಬೇಕಾದರೆ ಜಗಳವನ್ನೇ ಕತೆಯ ಭಾಗ ಮಾಡಿ: ‘ನೋಡಿ, ಇವನ ಲೆಕ್ಕದಲ್ಲಿ ಮಂಗಳವಾರ, ನನ್ನ ಲೆಕ್ಕದಲ್ಲಿ ಬುಧವಾರ. ಮಳೆ ಮಾತ್ರ ಎರಡೂ ದಿನ ಬಂದಿತ್ತು.’

ಗುಂಪಿನಲ್ಲಿ ಮಾತೇ ಆಡದ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಒಂದೇ ಪದದ ಪಾಲು ಕೊಡಿ. ಒಂದು ಪದ ಹೇಳಿ ಎಲ್ಲರನ್ನೂ ನಗಿಸಿದ ಮೇಲೆ ಅವರ ಮುಖ ನೋಡಬೇಕು ನೀವು.

ವಾಕ್ಯ ಎಲ್ಲಿ ಮುಗಿಯಬೇಕು

ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕೊಡೆ ಮಾತ್ರ ನೆನೆಯದೆ ಉಳಿದಿತ್ತು.’ ವ್ಯಾಕರಣ ಸರಿ ಇದೆ, ಆದರೆ ನಗು ಬರಲ್ಲ. ಕೊಡೆ ಅನ್ನುವ ಗುಟ್ಟು ಮೊದಲ ಪದದಲ್ಲೇ ಬಿಟ್ಟುಹೋಯಿತು. ಉಳಿದ ಮೂರು ಪದ ಸುಮ್ನೆ ಬಾಲದ ಹಾಗೆ ಬಂದವು. ಅದನ್ನೇ ತಿರುಗಿಸಿ: ‘ನೆನೆಯದೆ ಉಳಿದದ್ದು ಒಂದೇ ಒಂದು, ಕೊಡೆ.’ ಈಗ ಕೇಳುವವರ ಕಿವಿ ಕೊನೆಯ ಪದದವರೆಗೂ ಕಾಯುತ್ತದೆ.

ನಮ್ಮ ಭಾಷೆ ಈ ಅನುಕೂಲ ಕೊಟ್ಟಿದೆ. ವಿಭಕ್ತಿ ಪ್ರತ್ಯಯಗಳು ಯಾರು ಏನು ಅಂತ ಹೇಳಿಬಿಡುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡಬಹುದು. ‘ಬಾಗಿಲು ತೆಗೆದರೆ ಹೆಡ್‌ಮೇಷ್ಟ್ರು ನಿಂತಿದ್ದರು’ ಅನ್ನುವುದು ವರದಿ. ‘ಬಾಗಿಲು ತೆಗೆದರೆ, ಎದುರಿಗೆ ಯಾರು? ಹೆಡ್‌ಮೇಷ್ಟ್ರು!’ ಅನ್ನುವುದು ಕತೆ. ಮನೆಯಲ್ಲಿ ಒಮ್ಮೆ ಅಭ್ಯಾಸ ಮಾಡಿ. ಕೊನೆಯ ವಾಕ್ಯ ಒಂದನ್ನೇ ಬರೆದು, ನಗು ಬರಿಸುವ ಪದ ಎಲ್ಲಿದೆ ಅಂತ ಬೆರಳಿಟ್ಟು ನೋಡಿ. ಅದನ್ನು ತುದಿಗೆ ತಳ್ಳಿ. ಅದರ ಆಮೇಲೆ ಒಂದು ಪದವೂ ಬೇಡ. ‘ಹೇಗಿದೆ?’, ‘ಅರ್ಥ ಆಯ್ತಾ?’ ಅಂತೂ ಬೇಡವೇ ಬೇಡ.

ಇನ್ನು ‘ಅಂತೆ’. ಈ ಚಿಕ್ಕ ಪದದ ಮೇಲೆ ನನಗೆ ಬಹಳ ಪ್ರೀತಿ. ‘ಬಿದ್ದ’ ಅಂದರೆ ನಾನು ನೋಡಿದೆ ಎಂದು. ‘ಬಿದ್ದನಂತೆ’ ಅಂದರೆ ಯಾರೋ ಹೇಳಿದರು, ಹೊಣೆ ನನ್ನದಲ್ಲ. ಕಣ್ಣಾರೆ ಕಂಡದ್ದನ್ನು ‘ಅಂತೆ’ ಹಾಕಿ ಹೇಳಬೇಡಿ, ಕತೆ ಸಪ್ಪೆಯಾಗುತ್ತದೆ. ಅಜ್ಜನ ಕಾಲದ ಕತೆ ಹೇಳುವಾಗ ಮಾತ್ರ ಧಾರಾಳವಾಗಿ ಹಾಕಿ. ‘ಒಂದೇ ಏಟಿಗೆ ಬಾವಿ ದಾಟಿದರಂತೆ’ ಅಂದರೆ ಯಾರೂ ಅಳತೆ ಕೇಳುವುದಿಲ್ಲ.

ಕತೆ ಬಿಸಿ ಏರುವ ಜಾಗದಲ್ಲಿ ಆಗಿಹೋದದ್ದನ್ನು ಈಗ ಆಗುತ್ತಿರುವ ಹಾಗೆ ಹೇಳಿ: ‘ಬರ್ತಾನೆ, ನಿಲ್ತಾನೆ, ನನ್ನನ್ನೇ ನೋಡ್ತಾನೆ.’ ಸದ್ದಿನ ಪದಗಳನ್ನು ಮರೆಯಬೇಡಿ. ಸರಸರ, ದಬದಬ, ಗುಸುಗುಸು, ಪಟಪಟ. ‘ವೇಗವಾಗಿ ಓಡಿದ’ ಅನ್ನುವುದಕ್ಕಿಂತ ‘ದಡದಡ ಓಡಿದ’ ಅಂದರೆ ಮೆಟ್ಟಿಲು ಕೂಡ ಕಾಣುತ್ತದೆ. ಎಷ್ಟು ಹೊತ್ತು ಹೇಳಬೇಕು ಅನ್ನುವುದಕ್ಕೆ ನನ್ನ ಅಳತೆ ಎರಡು ಮೂರು ನಿಮಿಷ. ಅದಕ್ಕಿಂತ ಉದ್ದ ಆದರೆ ಮಧ್ಯದಲ್ಲಿ ಇನ್ನೊಂದು ನಗು ಇರಲೇಬೇಕು.

ಪದಗಳ ಜೊತೆ ಆಟ

ಒಂದು ಪದ, ಎರಡು ಅರ್ಥ. ಹಳೆಯ ಅಲಂಕಾರ ಶಾಸ್ತ್ರದಲ್ಲಿ ಇದಕ್ಕೆ ಶ್ಲೇಷೆ ಅಂತ ಹೆಸರು. ಪದವನ್ನು ಒಡೆಯದೆ ಎರಡರ್ಥ ಬಂದರೆ ಅಭಂಗ ಶ್ಲೇಷೆ, ಒಡೆದರೆ ಸಭಂಗ ಶ್ಲೇಷೆ. ಮನೆಯ ಜಗಲಿಯಲ್ಲಿ ಆಡುವುದೂ ಇದೇ ಆಟ.

ಒಡೆಯದ ಬಗೆಗೆ ಕನ್ನಡದಲ್ಲಿ ಕಚ್ಚಾ ವಸ್ತು ಬೇಕಾದಷ್ಟಿದೆ. ಕಾಲು, ಏಳು, ಆರು, ಹತ್ತು, ಸಾಕು, ಮರೆ, ನೆರೆ, ಅರಸು, ಕೊಡೆ. ‘ಏಳು ಗಂಟೆಗೆ ಏಳು ಅಂದ್ರೆ ಎಂಟಕ್ಕೆ ಏಳ್ತಾನೆ’ ಅಂತ ಒಬ್ಬ ತಾಯಿ ಮಗನ ಬಗ್ಗೆ ಹೇಳಿದ್ದನ್ನು ಕೇಳಿದ್ದೇನೆ. ಅವರಿಗೆ ಅದು ಆಟ ಅಂತ ಗೊತ್ತೂ ಇರಲಿಲ್ಲ. ನಮ್ಮ ಮನೆಯಲ್ಲಿ ನಡೆದದ್ದು ಇದು:

‘ಅಮ್ಮ, ನಾಯಿ ಬೇಕು.’

‘ಸಾಕು, ಸುಮ್ನಿರು.’

‘ನೀನೇ ಸಾಕು ಅಂದೆ ಅಲ್ವಾ, ಸಾಕ್ತೀನಿ!’

ಇದು ಯಾಕೆ ಕೆಲಸ ಮಾಡುತ್ತದೆ ನೋಡಿ. ಎರಡು ಅರ್ಥವೂ ಆ ಗಳಿಗೆಗೆ ಹೊಂದುತ್ತವೆ. ಅಮ್ಮ ‘ಸಾಕು’ ಅಂದದ್ದು ಸಹಜ, ಮಗು ಅದನ್ನು ಹಿಡಿದದ್ದೂ ಸಹಜ. ಪದವನ್ನು ಎಲ್ಲಿಂದಲೋ ಎಳೆದು ತಂದರೆ ಜನ ಗೊಣಗುತ್ತಾರೆ. ಎದುರಿನವರ ಬಾಯಿಂದಲೇ ಬಂದ ಪದವನ್ನು ತಿರುಗಿಸಿ ಕೊಟ್ಟರೆ ನಗುತ್ತಾರೆ. ಆದ್ದರಿಂದ ಮಾತಿನಾಟ ಆಡುವವರಿಗೆ ಮೊದಲು ಬೇಕಾದದ್ದು ಕಿವಿ, ಬಾಯಿ ಆಮೇಲೆ.

ಕೊಡೆ ಕತೆಗೆ ನಮಗೆ ಸಿಕ್ಕ ಎರಡನೇ ಶ್ಲೇಷೆ ಬಹಳ ತಡವಾಗಿ ಹೊಳೆಯಿತು. ‘ನೆನೆ’ ಅಂದರೆ ಒದ್ದೆಯಾಗು, ‘ನೆನೆ’ ಅಂದರೆ ಜ್ಞಾಪಿಸಿಕೋ. ಅಂದು ನೆನೆದದ್ದನ್ನೇ ಇಂದು ನೆನೆಯುತ್ತಿದ್ದೇವೆ. ಒಬ್ಬ ಗೆಳತಿ ಇದನ್ನು ಹೇಳಿದ ದಿನ ಯಾರೂ ನಗಲಿಲ್ಲ. ಒಂದು ಕ್ಷಣ ಸುಮ್ಮನಾದೆವು. ಅಂಥ ಮಾತಿಗೂ ಜಾಗ ಇರಬೇಕು.

ಒಡೆಯುವ ಬಗೆ ಮಕ್ಕಳಿಗೆ ಇಷ್ಟ. ಪರೋಪಕಾರ ಅಂದರೆ ಪರರ ಕಾರಿನಲ್ಲಿ ಹೋಗುವುದು. ಉಪಕಾರ ಅಂದರೆ ಮನೆಯ ಎರಡನೇ ಕಾರು. ಅಧಿಕಾರ, ಸಹಕಾರ ಅಂತ ಅವರೇ ಮುಂದುವರಿಸುತ್ತಾರೆ, ಬಿಡಿ. ಕನ್ನಡಕ್ಕೆ ಇಂಗ್ಲಿಷ್ ಪದ ಹೊಂದಿಸಿ ನಗಿಸುವುದು ನಮ್ಮಲ್ಲಿ ಹೊಸದಲ್ಲ. ಟಿ.ಪಿ. ಕೈಲಾಸಂ (1884–1946) ತಮ್ಮ ನಾಟಕದ ಮಾತುಗಳಲ್ಲಿ ಎರಡೂ ಭಾಷೆ ಬೆರೆಸಿ ಜನರನ್ನು ನಗಿಸಿದವರು. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಕೊರವಂಜಿ’ ಅನ್ನುವ ಹಾಸ್ಯ ಪತ್ರಿಕೆಯನ್ನೇ ಶುರು ಮಾಡಿದರು. ಹಳೆಯ ಕನ್ನಡ ಹಾಸ್ಯವನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಕಿವಿ ಹದವಾಗುತ್ತದೆ.

ಗುಂಪಿನಲ್ಲಿ ಆಡಲು ನನಗೆ ತುಂಬಾ ಇಷ್ಟವಾದ ಆಟ ‘ಗಿ’ ಆಟ. ನಾವು ‘ಮಳೆ ಗಿಳೆ’, ‘ಪುಸ್ತಕ ಗಿಸ್ತಕ’, ‘ಪಾಠ ಗೀಠ’ ಅನ್ನುತ್ತೇವಲ್ಲ, ಅದೇ. ಮೊದಲ ಅಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಜೋಡಿಯ ಎರಡನೇ ಪದಕ್ಕೆ ಅರ್ಥ ಇರುವುದಿಲ್ಲ. ಆಟ ಏನೆಂದರೆ, ಅರ್ಥ ಇರುವ ಜೋಡಿ ಹುಡುಕುವುದು. ಸೀತೆ ಗೀತೆ. ನೋಟು ಗೀಟು. ಬಾಳು ಗೀಳು. ಕಂಡುಹಿಡಿದವರು ಆ ಜೋಡಿ ಇಟ್ಟು ಒಂದು ವಾಕ್ಯವನ್ನೂ ಮಾಡಬೇಕು. ‘ನಮ್ಮಣ್ಣಂದು ಬಾಳು ಗೀಳು ಬೇರೆ ಬೇರೆ ಅಲ್ಲ, ಗೀಳೇ ಬಾಳು’ ಅಂತ ಕ್ರಿಕೆಟ್ ಹುಚ್ಚಿನ ಅಣ್ಣನ ಬಗ್ಗೆ ತಂಗಿ ಹೇಳಿದಾಗ ಅಣ್ಣನೇ ಮೊದಲು ಚಪ್ಪಾಳೆ ತಟ್ಟಿದ. ಆಟ ಮುಗಿಸಬೇಕು ಅನ್ನಿಸಿದಾಗ ಒಂದು ಪ್ರಶ್ನೆ ಎಸೆಯಿರಿ: ‘ಗಿ’ ಇಂದಲೇ ಶುರುವಾಗುವ ಪದಕ್ಕೆ ಜೋಡಿ ಏನು? ‘ಗಿಡಕ್ಕೆ ಗಿಡಗಂಟಿ ಇದೆ, ಗಿಳಿಗೆ?’ ಮನೆ ಎರಡು ಪಕ್ಷವಾಗುತ್ತದೆ.

ಗಾದೆ ಮುರಿಯುವುದು ಮೂರು ತಲೆಮಾರು ಕೂತಾಗ ಆಡುವ ಆಟ. ಹಿರಿಯರು ಅರ್ಧ ಗಾದೆ ಹೇಳಬೇಕು, ಕಿರಿಯರು ತಮಗೆ ತೋಚಿದ ಹಾಗೆ ಮುಗಿಸಬೇಕು. ‘ಕೈ ಕೆಸರಾದರೆ…’ ‘…ಫೋನ್ ಮುಟ್ಟಬೇಡ!’ ‘ಹಾಸಿಗೆ ಇದ್ದಷ್ಟು…’ ‘…ನಿದ್ದೆ ಬರಲ್ಲ!’ ಆಮೇಲೆ ಹಿರಿಯರು ನಿಜವಾದ ಕೊನೆ ಹೇಳುತ್ತಾರೆ. ಹೀಗೆ ಆಡುತ್ತಾ ಮಕ್ಕಳು ಎಷ್ಟು ಗಾದೆ ಕಲಿತವು ಅಂತ ನಾನೇ ನೋಡಿದ್ದೇನೆ.

ಎರಡು ಪದದ ಮೊದಲ ವ್ಯಂಜನ ಅದಲು ಬದಲು ಮಾಡುವುದು ಇನ್ನೊಂದು. ಮಳೆ ಬಂತು, ಬಳೆ ಮಂತು. ತಲೆ ನೋವು, ನಲೆ ತೋವು. ಎರಡೂ ನಿಜ ಪದವಾದರೆ ಎರಡು ಅಂಕ: ಕೈ ಬಾಯಿ, ಬೈ ಕಾಯಿ. ಹಿಂದೆ ಮುಂದೆ ಓದಿದರೂ ಒಂದೇ ಆಗುವ ಪದಗಳನ್ನೂ ಹುಡುಕಿಸಿ. ಕನಕ, ನಯನ, ಜಲಜ, ಕುಟುಕು. ಕನ್ನಡದಲ್ಲಿ ಅಕ್ಷರ ಅಂದರೆ ಸ್ವರ ಕೂಡಿಕೊಂಡ ಪೂರ್ತಿ ಅಕ್ಷರ, ಅದನ್ನೇ ಎಣಿಸಬೇಕು. ಇವುಗಳ ರಾಜ ‘ವಿಕಟಕವಿ’, ತೆನಾಲಿ ರಾಮಕೃಷ್ಣನಿಗೆ ಬಂದ ಹೆಸರು. ನಗಿಸುವವನ ಬಿರುದು ತಾನೇ ಒಂದು ಮಾತಿನಾಟ!

ಬಾಲ್ಯದಲ್ಲಿ ನಾವು ಪ್ರತಿ ಅಕ್ಷರದ ಹಿಂದೆ ‘ಕ’ ಸೇರಿಸಿ ಗುಟ್ಟು ಮಾತಾಡುತ್ತಿದ್ದೆವು. ‘ನೀನು ಬಾ’ ಅನ್ನುವುದಕ್ಕೆ ‘ಕನೀ ಕನು ಕಬಾ’. ಐವತ್ತು ದಾಟಿದ ಅಕ್ಕ ತಂಗಿಯರು ಈಗಲೂ ಅದರಲ್ಲಿ ಮಾತಾಡಬಲ್ಲರು. ನಿಮ್ಮ ಗುಂಪಿನಲ್ಲಿ ಇಂಥದ್ದು ಇದ್ದರೆ ಒಂದು ವಾಕ್ಯ ಹೇಳಿ ನೋಡಿ, ಉತ್ತರ ಅದೇ ಭಾಷೆಯಲ್ಲಿ ಬರುತ್ತದೆ.

ಒಂದು ಎಚ್ಚರ. ಪ್ರತಿ ಮಾತಿಗೂ ಶ್ಲೇಷೆ ಹಾಕಬೇಡಿ. ಯಾರಾದರೂ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರೆ ಎಷ್ಟೇ ಒಳ್ಳೆಯ ಪದ ಹೊಳೆದರೂ ನುಂಗಿಕೊಳ್ಳಿ.

ಕಿವಿ ಮಂದವಾದವರು, ಹೊಸದಾಗಿ ಬಂದವರು

ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣವಾದ ಸದ್ದುಗಳು. ಸ, ಶ, ಚ ಅಂಥ ವ್ಯಂಜನಗಳು ಸರಿಯಾಗಿ ಕೇಳಿಸುವುದಿಲ್ಲ. ಸಾಲು, ಹಾಲು, ಕಾಲು ಒಂದೇ ಥರ ಕೇಳಿಸಬಹುದು. ಮಾತಿನಾಟ ನಿಂತಿರುವುದೇ ಒಂದು ವ್ಯಂಜನದ ಮೇಲೆ. ಹಾಗಾಗಿ ಎಲ್ಲರೂ ನಗುವಾಗ ಅಜ್ಜಿ ಒಬ್ಬರೇ ಮುಖ ಮುಖ ನೋಡುತ್ತಾ ಕೂರುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಟಿವಿ ಆರಿಸಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಅವರ ಎದುರಿಗೆ ಕೂತುಕೊಳ್ಳಿ. ಅವರು ತುಟಿಯನ್ನೂ ಓದುತ್ತಾರೆ. ಕಿರುಚಬೇಡಿ, ಪಿಸುಗುಟ್ಟಲೂ ಬೇಡಿ, ದನಿಯ ಶ್ರುತಿ ತಗ್ಗಿಸಿ ನಿಧಾನವಾಗಿ ಹೇಳಿ. ಶುರು ಮಾಡುವ ಮೊದಲು ‘ಅಜ್ಜಿ, ಕೊಡೆ ಕತೆ’ ಅಂತ ಸುಳಿವು ಕೊಡಿ. ಒಂದು ಸಲ ಕೇಳಿಸದಿದ್ದರೆ ಅದೇ ವಾಕ್ಯವನ್ನು ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ‘ಏನಿಲ್ಲ ಬಿಡಿ’ ಅಂತ ಮಾತ್ರ ಅನ್ನಬೇಡಿ.

ಅವರು ಹೇಳಿದ ಕತೆಯನ್ನೇ ಮತ್ತೆ ಹೇಳಿದರೆ? ‘ಆಗ್ಲೇ ಹೇಳಿದ್ರಿ’ ಅನ್ನಬೇಡಿ. ಕತೆಯ ಬೇರೆ ಮೂಲೆ ಕೇಳಿ. ‘ಆಗ ಮನೆಯಲ್ಲಿ ಇನ್ನೂ ಯಾರಿದ್ರು?’ ಅಂತ ಕೇಳಿದಾಗ ನನಗೆ ಅಜ್ಜಿಯ ಬಾಯಿಂದ ಪೂರ್ತಿ ಹೊಸ ಕತೆಯೇ ಸಿಕ್ಕಿತ್ತು.

ಹೊಸ ಸೊಸೆ, ಹೊಸ ಅಳಿಯ, ಗೆಳೆಯನ ಹೆಂಡತಿ, ಇವರಿಗೆ ಎರಡು ವಾಕ್ಯದಲ್ಲಿ ಹಿನ್ನೆಲೆ ಹೇಳಿ. ಆಮೇಲೆ ಅವರನ್ನೇ ತೀರ್ಪುಗಾರರನ್ನಾಗಿ ಮಾಡಿ: ‘ನೀವೇ ಹೇಳಿ, ತಪ್ಪು ಯಾರದು?’

ನೋಯಿಸದ ಹಾಗೆ

ಒಮ್ಮೆ ನಾನು ಚಿಕ್ಕಪ್ಪನ ಮಗ ಪರೀಕ್ಷೆಯಲ್ಲಿ ಫೇಲಾದ ಕತೆಯನ್ನು ಅವನ ಮಕ್ಕಳ ಎದುರು ಹೇಳಿದೆ. ಅವನೂ ನಕ್ಕ. ಎಲ್ಲರೂ ನಕ್ಕರು. ಮಾರನೇ ದಿನ ಅವನ ಹೆಂಡತಿ ಫೋನ್ ಮಾಡಿ, ‘ಅವರು ರಾತ್ರಿ ಮಲಗಲೇ ಇಲ್ಲ’ ಅಂದಳು. ನಾನು ಆವತ್ತೇ ಅವನ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವನು ಕ್ಷಮಿಸಿದ. ಆದರೆ ಅವನ ಮಕ್ಕಳು ಕೇಳಿಸಿಕೊಂಡದ್ದನ್ನು ವಾಪಸು ಪಡೆಯಲು ಆಗಲಿಲ್ಲ.

ಅಂದಿನಿಂದ ನಾನು ನೋಡುವುದು ಒಂದೇ. ಆ ಗಾಯ ಮಾಸಿದೆಯಾ? ಕೊಡೆ ಇದ್ದವನು ಈಗ ನಮ್ಮ ಹಾಗೇ ಮಾತಾಡುತ್ತಾನೆ, ಆ ಕತೆ ಅವನಿಗೆ ಹೆಮ್ಮೆ. ಫೇಲಾದದ್ದು ಹಾಗಲ್ಲ. ಮೈಬಣ್ಣ, ದಪ್ಪ ಸಣ್ಣ, ಕಾಯಿಲೆ, ಸಾಲ, ಮದುವೆ ಆಗದ್ದು, ಮಕ್ಕಳಾಗದ್ದು, ಇವು ಇನ್ನೂ ನಡೆಯುತ್ತಿರುವ ನೋವುಗಳು. ಇವುಗಳ ಹತ್ತಿರ ಹೋಗಲೇಬೇಡಿ. ಸಂದೇಹ ಇದ್ದರೆ ಮೊದಲೇ ಪಕ್ಕಕ್ಕೆ ಕರೆದು ಕೇಳಿ: ‘ಆ ಕತೆ ಹೇಳಲಾ?’ ಹೇಳುವಾಗ ಕತೆಯಲ್ಲಿರುವವರ ಮುಖ ನೋಡುತ್ತಿರಿ. ಅವರ ನಗು ಎಲ್ಲರಿಗಿಂತ ತಡವಾಗಿ ಬಂದು ಎಲ್ಲರ ಮೊದಲು ನಿಂತರೆ ಕತೆಯನ್ನು ಅಲ್ಲಿಗೇ ಬಿಟ್ಟು ನಿಮ್ಮದೇ ಒಂದು ಕತೆಗೆ ಹೊರಳಿ. ತಪ್ಪಾದರೆ ಕ್ಷಮೆ ಕೇಳಿ, ‘ತಮಾಷೆಗೆ ಅಂದೆ’ ಅನ್ನುವ ಮಾತನ್ನು ಸೇರಿಸದೆ.

ಬರೆದಿಡಿ

ಎಲ್ಲರ ಒಪ್ಪಿಗೆ ಕೇಳಿ ಫೋನನ್ನು ಮಧ್ಯೆ ಇಟ್ಟು ರೆಕಾರ್ಡ್ ಮಾಡಿ. ವಿಡಿಯೋ ಬೇಡ, ಕ್ಯಾಮೆರಾ ಕಂಡರೆ ಜನ ಬೆನ್ನು ನೆಟ್ಟಗೆ ಮಾಡುತ್ತಾರೆ, ಮಾತೂ ಬಿಗಿಯಾಗುತ್ತದೆ. ದನಿ ಸಾಕು. ಆಮೇಲೆ ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಆಡಿದ ಹಾಗೇ ಬರೆಯಿರಿ. ‘ಅಂದ್ನಲ್ಲ’ ಅನ್ನುವುದನ್ನು ‘ಅಂದೆನಲ್ಲ’ ಅಂತ ತಿದ್ದಬೇಡಿ. ತಿದ್ದಿದರೆ ಆ ಮನೆಮಾತು ಹೋಯಿತು, ಅದರ ಜೊತೆ ನಗುವೂ ಹೋಯಿತು. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ. ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಪದಗಳಿಗೆ ಕೊನೆಯಲ್ಲಿ ಎರಡು ಪುಟ ಬಿಡಿ. ಮಗು ತೊದಲಿ ಹುಟ್ಟಿಸಿದ ಪದ, ಅಜ್ಜ ಇಟ್ಟ ಅಡ್ಡಹೆಸರು, ಎಲ್ಲವೂ ಅಲ್ಲಿರಲಿ, ಯಾರು ಯಾವಾಗ ಹೇಳಿದ್ದು ಅನ್ನುವುದರ ಜೊತೆಗೆ.

ಪ್ರತಿ ಸಾಲಿನ ಮುಂದೆ ಅದು ಯಾರ ಪಾಲು ಅಂತ ಹೆಸರು ಬರೆಯುವುದನ್ನು ಮರೆಯಬೇಡಿ. ನಮ್ಮ ಕೊಡೆ ಕತೆಯ ಹಾಳೆಯಲ್ಲಿ ಮಳೆಯ ಮುಂದೆ ಒಬ್ಬನ ಹೆಸರಿದೆ, ‘ಕೊಡೆ’ ಮುಂದೆ ಇನ್ನೊಬ್ಬನ ಹೆಸರಿದೆ. ಕೊನೆಯ ಪದದ ಮುಂದೆ ಯಾರ ಹೆಸರೂ ಇಲ್ಲ. ‘ನೆನೆಯದೆ ಉಳಿದದ್ದು ಒಂದೇ ಒಂದು’ ಅಂತ ಯಾರಾದರೂ ಹೇಳಿ ನಿಲ್ಲಿಸುತ್ತಾರೆ. ಉಳಿದ ಒಂದು ಪದವನ್ನು ಐವರೂ ಒಟ್ಟಿಗೆ ಹೇಳುತ್ತೇವೆ.